ಈವ್ ಆನ್‌ಲೈನ್‌ನಲ್ಲಿ ಗುಂಡಿನ ದೂರ ಮತ್ತು ಗುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ ಕಡೆಯ ನಾವು ಕೆಲವರು ರಾತ್ರಿ ಊಟ ಮುಗಿದ ಮೇಲೆ ಒಟ್ಟಿಗೆ ಈವ್ ಆನ್‌ಲೈನ್ ಆಡುತ್ತೇವೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರ ಮೇ 6ರಂದು ಬಿಡುಗಡೆ ಮಾಡಿದ ಈ ಬಾಹ್ಯಾಕಾಶದ ಆಟಕ್ಕೆ ಹೊಸಬರು ಬಂದಾಗಲೆಲ್ಲ ಎರಡನೆಯ ವಾರದೊಳಗೆ ಒಂದೇ ದೂರು ಕೇಳಿಬರುತ್ತದೆ: ಎದುರಾಳಿ ಕಣ್ಣೆದುರಿಗೇ ಇದ್ದಾನೆ, ತೋಪು ಹಾರುತ್ತಲೇ ಇದೆ, ಆದರೂ ಅವನಿಗೆ ಏನೂ ಆಗುತ್ತಿಲ್ಲ. ಆ ದೂರಿಗೆ ಉತ್ತರವಾಗಿ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಆಯುಧಗಳ ಅಂಕಿಗಳು ಅಪ್‌ಡೇಟ್ ಬಂದಾಗಲೆಲ್ಲ ಬದಲಾಗುವುದರಿಂದ, ಉದಾಹರಣೆಗಳಿಗೆ ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ಬಳಸಿದ್ದೇನೆ. ನಿಮ್ಮ ತೋಪಿನ ನಿಜವಾದ ಅಂಕಿಗಳನ್ನು ಅದರ ಮಾಹಿತಿ ಕಿಟಕಿಯಲ್ಲಿ ನೋಡಿಕೊಳ್ಳಬೇಕು.

ಗುರಿಯಿಡುವುದು ನನ್ನ ಕೈಯಲ್ಲಿ ಇಲ್ಲವೇ?

ಮೌಸ್ ಹಿಡಿದು ಗುರಿಯಿಡುವ ಕೆಲಸ ಈ ಆಟದಲ್ಲಿ ಇಲ್ಲ. ಎದುರಾಳಿಯ ಹಡಗನ್ನು ಲಾಕ್ ಮಾಡಿ (ಅಂದರೆ ಗುರಿಯೆಂದು ಆರಿಸಿ) ತೋಪಿನ ಗುಂಡಿ ಒತ್ತಿದರೆ, ಮುಂದಿನದನ್ನು ಸರ್ವರ್ ನೋಡಿಕೊಳ್ಳುತ್ತದೆ. ಪ್ರತಿ ಸಲ ತೋಪು ಹಾರುವಾಗಲೂ ಅದು ಎರಡೂ ಹಡಗುಗಳ ನಡುವಿನ ದೂರ, ಚಲನೆ ಮತ್ತು ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು, ಗುಂಡು ತಗಲುವ ಸಾಧ್ಯತೆ ಎಷ್ಟೆಂದು ನಿರ್ಧರಿಸಿ, ಒಂದು ದಾಳ ಉರುಳಿಸುತ್ತದೆ. ನಿಮ್ಮ ಹಡಗಿನ ಮೂತಿ ಯಾವ ಕಡೆಗಿದೆ, ನಡುವೆ ಬಂಡೆಯೊಂದು ಅಡ್ಡ ಬಂದಿದೆಯೇ ಎಂಬುದು ಲೆಕ್ಕಕ್ಕಿಲ್ಲ.

ಶಿರಸಿಯ ಅಡಿಕೆ ತೋಟದಲ್ಲಿ ಮಂಗ ಓಡಿಸಲು ಕವಣೆ ಬೀಸಿ ಬೆಳೆದ ನಮ್ಮ ಗೆಳೆಯನೊಬ್ಬನಿಗೆ ಇದು ಬಹುಕಾಲ ಒಗ್ಗಲಿಲ್ಲ. ಮಂಗ ಇರುವ ಕೊನೆಗಲ್ಲ, ಅದು ಹಾರಲಿರುವ ಮುಂದಿನ ಮರಕ್ಕೆ ಕಲ್ಲು ಹೊಡೆಯಬೇಕೆಂದು ಸೋದರಮಾವ ಕಲಿಸಿದ ಪಾಠ ಅವನ ಕೈಯಲ್ಲಿಯೇ ಉಳಿದಿತ್ತು. ಆಟದ ತೋಪಿಗೆ ಆ ಜಾಣ್ಮೆ ಬೇಕಾಗಿಲ್ಲ, ಏಕೆಂದರೆ ಗುಂಡು ದಾರಿ ಸವೆಸುವ ಹೊತ್ತು ಎಂಬುದೇ ಅಲ್ಲಿಲ್ಲ. ಹಾರಿದ ಕ್ಷಣದಲ್ಲಿಯೇ ತಗಲಿತೋ ತಪ್ಪಿತೋ ತೀರ್ಮಾನವಾಗಿರುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಹಡಗನ್ನು ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಓಡಿಸುತ್ತೀರಿ ಎಂಬುದು. ಈ ಆಟದಲ್ಲಿ ಗುರಿ ಇಡುವುದೆಂದರೆ ಚುಕ್ಕಾಣಿ ಹಿಡಿಯುವುದೇ.

ಆಪ್ಟಿಮಲ್ ರೇಂಜ್ ಎಂದರೆ ಗುಂಡು ಹೋಗುವ ಗರಿಷ್ಠ ದೂರವೇ?

ಅಲ್ಲ. ದೂರದ ಕಾರಣದಿಂದ ಗುರಿ ಕೆಡದಿರುವ ವಲಯದ ಕೊನೆಯ ಗೆರೆ ಅದು. ಆಪ್ಟಿಮಲ್ 10 ಕಿ.ಮೀ. ಇರುವ ತೋಪಿಗೆ 2 ಕಿ.ಮೀ. ದೂರವೂ ಒಂದೇ, 10 ಕಿ.ಮೀ. ದೂರವೂ ಒಂದೇ. ಆ ಗೆರೆ ದಾಟಿದ ಮೇಲೂ ಗುಂಡು ಹೋಗುತ್ತದೆ, ಆದರೆ ತಗಲುವ ಸಾಧ್ಯತೆ ಇಳಿಯತೊಡಗುತ್ತದೆ. ಹೇಗೆ ಇಳಿಯುತ್ತದೆ ಎಂಬುದನ್ನು ಫಾಲ್‌ಆಫ್ ಹೇಳುತ್ತದೆ.

ಹಾಗಾದರೆ ಫಾಲ್‌ಆಫ್‌ನಲ್ಲಿ ಎಷ್ಟು ನಷ್ಟವಾಗುತ್ತದೆ?

ಇಳಿಕೆ ನೇರ ಗೆರೆಯಲ್ಲಿ ಆಗುವುದಿಲ್ಲ. ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆಪ್ಟಿಮಲ್ 10 ಕಿ.ಮೀ., ಫಾಲ್‌ಆಫ್ 5 ಕಿ.ಮೀ. ಇರುವ ತೋಪನ್ನು ತೆಗೆದುಕೊಳ್ಳಿ. 12.5 ಕಿ.ಮೀ.ನಲ್ಲಿ, ಅಂದರೆ ಅರ್ಧ ಫಾಲ್‌ಆಫ್ ಕಳೆದಾಗ, ಗುಂಡು ತಗಲುವ ಸಾಧ್ಯತೆ ಇನ್ನೂ ಪ್ರತಿಶತ 84ರಷ್ಟಿರುತ್ತದೆ. 15 ಕಿ.ಮೀ.ಗೆ ಅದು ಸರಿಯಾಗಿ 50. 17.5 ಕಿ.ಮೀ.ಗೆ 21, 20 ಕಿ.ಮೀ.ಗೆ ಕೇವಲ 6ರ ಆಸುಪಾಸು. 25 ಕಿ.ಮೀ.ನಲ್ಲಿ ಸಾವಿರ ಗುಂಡು ಹಾರಿಸಿದರೆ ಎರಡು ತಗಲಬಹುದು.

ಅರ್ಧ ಗುಂಡುಗಳು ತಗಲಿದರೆ ಅರ್ಧ ಹಾನಿಯಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ವಾಸ್ತವದಲ್ಲಿ ತಗಲಿತೋ ಇಲ್ಲವೋ ಎಂಬುದನ್ನು ನಿರ್ಧರಿಸುವ ದಾಳವೇ ಹಾನಿಯ ಪ್ರಮಾಣವನ್ನೂ ನಿರ್ಧರಿಸುತ್ತದೆ. ಸರ್ವರ್ 0 ಮತ್ತು 1ರ ನಡುವೆ ಒಂದು ಸಂಖ್ಯೆ ಎತ್ತುತ್ತದೆ. ಆ ಸಂಖ್ಯೆ ತಗಲುವ ಸಾಧ್ಯತೆಗಿಂತ ಕಡಿಮೆ ಇದ್ದರೆ ಗುಂಡು ತಗಲಿತು, ಮತ್ತು ಆ ಸಂಖ್ಯೆಗೆ 0.49 ಕೂಡಿಸಿದರೆ ಬರುವುದೇ ಹಾನಿಯ ಗುಣಕ. ಸಾಧ್ಯತೆ ಅರ್ಧವಾದರೆ ದೊಡ್ಡ ಸಂಖ್ಯೆಗಳೆಲ್ಲ ತಪ್ಪಿದ ಗುಂಡುಗಳ ಪಾಲಾಗುತ್ತವೆ, ಉಳಿಯುವುದು ಸಣ್ಣ ಏಟುಗಳು ಮಾತ್ರ. ಆದ್ದರಿಂದ ಆಪ್ಟಿಮಲ್‌ಗೆ ಒಂದು ಫಾಲ್‌ಆಫ್ ಕೂಡಿಸಿದ ದೂರದಲ್ಲಿ ನಿಮಗೆ ಸಿಗುವ ಒಟ್ಟು ಹಾನಿ ಪೂರ್ಣದ ಪ್ರತಿಶತ 50 ಅಲ್ಲ, ಸುಮಾರು 39. ಎರಡು ಫಾಲ್‌ಆಫ್ ದೂರದಲ್ಲಿ ಅದು 6ಕ್ಕಿಂತಲೂ ಕಡಿಮೆ.

ಎತ್ತಿದ ಸಂಖ್ಯೆ 0.01ಕ್ಕಿಂತ ಕಡಿಮೆ ಬಂದು ಗುಂಡು ತಗಲಿದರೆ ಹಾನಿ ಮೂರು ಪಟ್ಟು. ನೂರಕ್ಕೊಮ್ಮೆ ಬರುವ ಆ ಏಟನ್ನು ನಂಬಿ ದೂರದಲ್ಲಿ ನಿಲ್ಲುವವರನ್ನೂ ನೋಡಿದ್ದೇನೆ. ಅವರಿಗೆ ನನ್ನ ಬಳಿ ಹೇಳುವುದೇನಿಲ್ಲ.

ಎದುರಾಳಿ 1 ಕಿ.ಮೀ. ದೂರದಲ್ಲಿದ್ದರೂ ಒಂದು ಗುಂಡೂ ತಗಲುವುದಿಲ್ಲ. ದೋಷವೆಲ್ಲಿದೆ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಇಲ್ಲಿ ಅಡ್ಡಿಯಾಗಿರುವುದು ದೂರವಲ್ಲ, ಟ್ರ್ಯಾಕಿಂಗ್; ಅಂದರೆ ತೋಪಿನ ನಳಿಗೆ ಗುರಿಯ ಹಿಂದೆ ತಿರುಗುವ ಚುರುಕು.

ಕಾರವಾರದ ರೈಲು ನಿಲ್ದಾಣದಲ್ಲಿ ಲಾರಿಗಳನ್ನು ಹೊತ್ತ ರೋ-ರೋ ಗಾಡಿ ನಿಲ್ಲದೆ ಹಾದುಹೋಗುವಾಗ ಪ್ಲಾಟ್‌ಫಾರ್ಮಿನ ಅಂಚಿನ ಬಳಿ ನಿಂತು ಒಂದೇ ಒಂದು ಲಾರಿಯ ನಂಬರ್ ಪ್ಲೇಟನ್ನು ಓದಲು ಯತ್ನಿಸಿ. ಕತ್ತು ತಿರುಗಿಸುವಷ್ಟರಲ್ಲಿ ನಾಲ್ಕು ಲಾರಿಗಳು ಕಳೆದಿರುತ್ತವೆ. ಅದೇ ಗಾಡಿಯನ್ನು ದೂರದ ಗುಡ್ಡದ ಮೇಲಿಂದ ನೋಡಿದರೆ ಚೊರಟೆಯಂತೆ ಹರಿಯುತ್ತಿರುತ್ತದೆ, ಕಣ್ಣು ಕದಲಿಸದೆಯೇ ಹಿಂಬಾಲಿಸಬಹುದು. ಗಾಡಿಯ ವೇಗ ಎರಡೂ ಕಡೆ ಒಂದೇ. ಬದಲಾದದ್ದು ಸೆಕೆಂಡಿಗೆ ನಿಮ್ಮ ಕತ್ತು ತಿರುಗಬೇಕಾದ ಕೋನ. ಆಟದಲ್ಲಿ ಅದನ್ನೇ ಆ್ಯಂಗ್ಯುಲರ್ ವೆಲಾಸಿಟಿ ಎನ್ನುತ್ತಾರೆ. ಹಡಗು ಹತ್ತಿರ ಬಂದಷ್ಟೂ, ಅಡ್ಡಡ್ಡವಾಗಿ ಓಡಿದಷ್ಟೂ ಈ ಕೋನವೇಗ ಏರುತ್ತದೆ.

ನಾನು ಮೊದಲ ಸಲ ಕೊಂಡ ಬ್ಯಾಟಲ್‌ಶಿಪ್ ಎಂಬ ದೊಡ್ಡ ಹಡಗು ಹೋದದ್ದು ಹೀಗೆಯೇ. ಎರಡು ತಿಂಗಳು ಅದಿರು ಅಗೆದು ಕೂಡಿಟ್ಟ ಹಣ ಅದರಲ್ಲಿತ್ತು. ಅದರ ಇಪ್ಪತ್ತರಲ್ಲಿ ಒಂದು ಪಾಲೂ ಬೆಲೆಯಿಲ್ಲದ ಫ್ರಿಗೇಟ್ ಎಂಬ ಸಣ್ಣ ಹಡಗೊಂದು ಬಂದು, ನನ್ನ ಸುತ್ತ 1 ಕಿ.ಮೀ. ಅಂತರದಲ್ಲಿ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಎಂಟು ತೋಪುಗಳೂ ಒಟ್ಟಿಗೆ ಮಿಂಚುತ್ತಿದ್ದವು, ಪ್ರತಿ ಏಟಿನ ಫಲ ದಾಖಲಾಗುವ ಕೆಳಗಿನ ಲಾಗ್‌ನಲ್ಲಿ ಪೂರ್ತಿ ತಪ್ಪಿತು ಎಂಬ ಸಾಲೊಂದೇ ಸಾಲಾಗಿ ಬೀಳುತ್ತಿತ್ತು. ಓಡಿಹೋಗಲೂ ಅದು ಬಿಡಲಿಲ್ಲ. ಹನ್ನೊಂದು ನಿಮಿಷ ನಡೆಯಿತು ಆ ಕೆಲಸ.

ಓವರ್‌ವ್ಯೂನಲ್ಲಿ ರೇಡಿಯಲ್, ಟ್ರಾನ್ಸ್‌ವರ್ಸಲ್, ಆ್ಯಂಗ್ಯುಲರ್ ಎಂಬ ಮೂರು ಸಾಲುಗಳಿವೆ. ಯಾವುದನ್ನು ನೋಡಬೇಕು?

ಓವರ್‌ವ್ಯೂ ಎಂದರೆ ಸುತ್ತಲಿನ ಹಡಗುಗಳನ್ನು ತೋರಿಸುವ ಪರದೆಯ ಮೇಲಿನ ಪಟ್ಟಿ. ಅದರಲ್ಲಿ ರೇಡಿಯಲ್ ಎಂದರೆ ನಿಮ್ಮತ್ತ ಬರುವ ಅಥವಾ ನಿಮ್ಮಿಂದ ದೂರ ಸರಿಯುವ ವೇಗ. ಗುರಿಗೆ ಇದರಿಂದ ಏನೂ ಆಗುವುದಿಲ್ಲ. ಟ್ರಾನ್ಸ್‌ವರ್ಸಲ್ ಎಂದರೆ ಅಡ್ಡ ಓಡುವ ವೇಗ. ಅದನ್ನು ದೂರದಿಂದ ಭಾಗಿಸಿದರೆ ಆ್ಯಂಗ್ಯುಲರ್. ನೋಡಬೇಕಾದದ್ದು ಆ್ಯಂಗ್ಯುಲರ್ ಒಂದನ್ನೇ. ಓವರ್‌ವ್ಯೂನ ಸೆಟ್ಟಿಂಗ್‌ಗಳಲ್ಲಿ ಅದನ್ನು ತೆರೆದಿಟ್ಟು ಉಳಿದೆರಡನ್ನು ಮುಚ್ಚಿದರೂ ನಷ್ಟವಿಲ್ಲ.

ಸಿಗ್ನೇಚರ್ ರೇಡಿಯಸ್ ಎಂದರೆ ಹಡಗಿನ ಅಳತೆಯೇ?

ಸುಮಾರಾಗಿ ಹೌದು, ಆದರೆ ಅದು ಚಿತ್ರದಲ್ಲಿ ಕಾಣುವ ಅಳತೆಯಲ್ಲ, ಆಯುಧಗಳ ಕಣ್ಣಿಗೆ ಹಡಗು ಎಷ್ಟು ದೊಡ್ಡದಾಗಿ ತೋರುತ್ತದೆ ಎಂಬ ಅಂಕಿ. ಫ್ರಿಗೇಟುಗಳದ್ದು 40 ಮೀಟರಿನ ಆಸುಪಾಸು, ಬ್ಯಾಟಲ್‌ಶಿಪ್‌ಗಳದ್ದು 400ರ ಆಸುಪಾಸು. ಈ ಅಂಕಿ ದೊಡ್ಡದಿದ್ದಷ್ಟೂ ನಳಿಗೆಯ ಆಲಸ್ಯಕ್ಕೆ ರಿಯಾಯಿತಿ ಸಿಗುತ್ತದೆ. ರೈಲಿನ ಹೋಲಿಕೆ ಇಲ್ಲಿಗೆ ಮುರಿಯುತ್ತದೆ ಎಂಬುದನ್ನು ಹೇಳಿಬಿಡಬೇಕು: ದೂರದ ಲಾರಿಯ ನಂಬರ್ ಪ್ಲೇಟು ಕಣ್ಣಿಗೆ ಸಣ್ಣದಾಗುತ್ತದೆ, ಆದರೆ ಆಟದಲ್ಲಿ ದೂರ ಹೋದ ಮಾತ್ರಕ್ಕೆ ಹಡಗಿನ ಸಿಗ್ನೇಚರ್ ಕುಗ್ಗುವುದಿಲ್ಲ.

ಸಿಗ್ನೇಚರ್ ಸ್ಥಿರವೂ ಅಲ್ಲ. ವೇಗ ಹೆಚ್ಚಿಸುವ ಸಾಧನವಾದ ಸಾಮಾನ್ಯ ಮೈಕ್ರೋ ವಾರ್ಪ್ ಡ್ರೈವ್ ಹಚ್ಚಿದ ಹಡಗಿನ ಸಿಗ್ನೇಚರ್ ಪ್ರತಿಶತ 500ರಷ್ಟು ಏರುತ್ತದೆ, ಅಂದರೆ 40 ಮೀಟರಿನ ಫ್ರಿಗೇಟು 240 ಮೀಟರ್ ಆಗಿ ತೋರುತ್ತದೆ. ಆಫ್ಟರ್‌ಬರ್ನರ್‌ಗೆ ಆ ದಂಡವಿಲ್ಲ; ಅದು ಕೊಡುವ ವೇಗ ಕಡಿಮೆ, ಆದರೆ ಹಡಗು ಸಣ್ಣದಾಗಿಯೇ ಉಳಿಯುತ್ತದೆ.

ಲೆಕ್ಕದ ಸೂತ್ರವನ್ನೇ ಹೇಳಬಹುದೇ?

ಹೇಳಬಹುದು, ಮತ್ತು ಒಮ್ಮೆಯಾದರೂ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ತಗಲುವ ಸಾಧ್ಯತೆ = 0.5ರ ಘಾತ (ಅ² + ಆ²)

ಇಲ್ಲಿ ‘ಅ’ ಎಂದರೆ ಕೋನವೇಗವನ್ನು 40,000ದಿಂದ ಗುಣಿಸಿ, ತೋಪಿನ ಟ್ರ್ಯಾಕಿಂಗ್ ಅಂಕಿ ಮತ್ತು ಎದುರಾಳಿಯ ಸಿಗ್ನೇಚರ್ ಇವೆರಡರ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ. ‘ಆ’ ಎಂದರೆ ಆಪ್ಟಿಮಲ್ ದಾಟಿ ಹೋದ ದೂರವನ್ನು ಫಾಲ್‌ಆಫ್‌ನಿಂದ ಭಾಗಿಸಿದಾಗ ಬರುವ ಸಂಖ್ಯೆ. ಆಪ್ಟಿಮಲ್‌ನ ಒಳಗಿದ್ದರೆ ಅದು ಸೊನ್ನೆ.

ನನ್ನ ಬ್ಯಾಟಲ್‌ಶಿಪ್ಪಿನ ಕಥೆಯನ್ನೇ ಲೆಕ್ಕಕ್ಕೆ ಇಳಿಸೋಣ. ತೋಪಿನ ಟ್ರ್ಯಾಕಿಂಗ್ 4, ಫ್ರಿಗೇಟಿನ ಸಿಗ್ನೇಚರ್ 40 ಮೀಟರ್, ವೇಗ ಸೆಕೆಂಡಿಗೆ 400 ಮೀಟರ್, ಅಂತರ 1,000 ಮೀಟರ್ ಎಂದಿಟ್ಟುಕೊಳ್ಳಿ. ಕೋನವೇಗ ಸೆಕೆಂಡಿಗೆ 0.4 ರೇಡಿಯನ್. ಅದನ್ನು 40,000ದಿಂದ ಗುಣಿಸಿದರೆ 16,000; 4ನ್ನು 40ರಿಂದ ಗುಣಿಸಿದರೆ 160; ಭಾಗಿಸಿದರೆ 100. ಅದರ ವರ್ಗ ಹತ್ತು ಸಾವಿರ. ಒಂದನ್ನು ಹತ್ತು ಸಾವಿರ ಸಲ ಅರ್ಧ ಮಾಡುತ್ತ ಹೋದರೆ ಏನು ಉಳಿಯುತ್ತದೆಯೋ ಅದೇ ಆ ರಾತ್ರಿ ನನ್ನ ಪಾಲಿಗಿದ್ದ ಅವಕಾಶ.

ಅದೇ ಫ್ರಿಗೇಟು ಅದೇ ವೇಗದಲ್ಲಿ 50 ಕಿ.ಮೀ. ದೂರದಲ್ಲಿ ಅಡ್ಡ ಓಡುತ್ತಿದ್ದರೆ ಕೋನವೇಗ 0.008ಕ್ಕೆ ಇಳಿಯುತ್ತದೆ, ‘ಅ’ 2 ಆಗುತ್ತದೆ, ಸಾಧ್ಯತೆ ಪ್ರತಿಶತ 6ಕ್ಕೆ ಏರುತ್ತದೆ. ಅದು ಅಡ್ಡ ಓಡದೆ ಮೈಕ್ರೋ ವಾರ್ಪ್ ಡ್ರೈವ್ ಹಚ್ಚಿಕೊಂಡು ನೆಟ್ಟಗೆ ನನ್ನ ಕಡೆಗೇ ನುಗ್ಗಿ ಬರುತ್ತಿದ್ದರೆ ಕೋನವೇಗ ಹೆಚ್ಚುಕಡಿಮೆ ಸೊನ್ನೆ, ಸಿಗ್ನೇಚರ್ ಆರು ಪಟ್ಟು. ಆಪ್ಟಿಮಲ್ ಅಷ್ಟು ದೂರಕ್ಕಿದ್ದರೆ ಪ್ರತಿ ಗುಂಡೂ ತಗಲುತ್ತಿತ್ತು. ಆ ಫ್ರಿಗೇಟು ಹತ್ತಿರ ಬರುವ ಮೊದಲಿನ ಅರ್ಧ ನಿಮಿಷದಲ್ಲಿ ನಾನು ಅದನ್ನು ಹೊಡೆಯಬೇಕಿತ್ತು. ನಾನು ಹತ್ತಿರ ಬರಲಿ ಎಂದು ಕಾದೆ. ಇದನ್ನು ಬಲ್ಲ ಅನುಭವಿಗಳು ಎಂದೂ ನೇರವಾಗಿ ಬರುವುದಿಲ್ಲ; ಓರೆಯಾಗಿ, ಸುರುಳಿ ಸುತ್ತುತ್ತ ಒಳಗೆ ಬರುತ್ತಾರೆ.

ನನ್ನ ಹಡಗಿನ ಚಲನೆಯೂ ಲೆಕ್ಕಕ್ಕೆ ಬರುತ್ತದೆಯೇ?

ಖಂಡಿತವಾಗಿ. ಕೋನವೇಗ ಎಂಬುದು ಇಬ್ಬರ ಚಲನೆಯ ವ್ಯತ್ಯಾಸದಿಂದ ಹುಟ್ಟುವುದು. ಅಂಕೋಲೆಯಿಂದ ಕುಮಟೆಗೆ ಹೆದ್ದಾರಿ 66ರಲ್ಲಿ ಎರಡು ಬಸ್ಸುಗಳು ಅಕ್ಕಪಕ್ಕ ಒಂದೇ ವೇಗದಲ್ಲಿ ಓಡುವಾಗ, ಆ ಬಸ್ಸಿನ ಕಿಟಕಿಯಲ್ಲಿ ಕುಳಿತವರ ಮುಖ ಕದಲದೆ ನಿಂತಂತೆ ಕಾಣುತ್ತದೆಯಲ್ಲವೇ? ಎದುರಾಳಿ ಓಡುವ ದಿಕ್ಕಿಗೇ ನೀವೂ ಓಡಿದರೆ ನಿಧಾನದ ತೋಪೂ ಅವನನ್ನು ಹಿಡಿಯುತ್ತದೆ. ಆದ್ದರಿಂದಲೇ ಆರ್ಬಿಟ್ ಗುಂಡಿಯನ್ನು ಒತ್ತಿ ಕೈಕಟ್ಟಿ ಕೂರುವುದನ್ನು ದೊಡ್ಡ ತೋಪಿನವರಿಗೆ ನಾನು ಹೇಳುವುದಿಲ್ಲ. ಸುತ್ತು ಹಾಕುವುದರಿಂದ ಎದುರಾಳಿಯ ಗುರಿ ಕೆಡುವಂತೆಯೇ ನಿಮ್ಮದೂ ಕೆಡುತ್ತದೆ. ಯಾರ ತೋಪು ಚುರುಕೋ ಅವರಿಗೆ ಮಾತ್ರ ಅದರಿಂದ ಲಾಭ. ಖಾಲಿ ಜಾಗದಲ್ಲಿ ಎರಡು ಸಲ ಕ್ಲಿಕ್ ಮಾಡಿ ಹಡಗನ್ನು ಕೈಯಾರೆ ತಿರುಗಿಸುವುದು ಮೊದಮೊದಲು ಕಷ್ಟವೆನಿಸಿದರೂ ಕಲಿಯಲೇಬೇಕಾದ ಕೆಲಸ.

ಯಾವ ಬಗೆಯ ತೋಪು ಒಳ್ಳೆಯದು?

ಲೇಸರ್, ಹೈಬ್ರಿಡ್, ಪ್ರೊಜೆಕ್ಟೈಲ್ ಎಂಬ ಮೂರು ಮನೆತನಗಳಲ್ಲಿಯೂ ಹತ್ತಿರಕ್ಕೆ ಒಂದು, ದೂರಕ್ಕೆ ಒಂದು ಎಂಬ ಎರಡು ಕವಲುಗಳಿವೆ. ಹತ್ತಿರದವುಗಳ ಸ್ವಭಾವ ಬೇರೆಬೇರೆ. ಪಲ್ಸ್ ಲೇಸರ್‌ಗೆ ಆಪ್ಟಿಮಲ್ ಉದ್ದ, ಫಾಲ್‌ಆಫ್ ಗಿಡ್ಡ. ಗೆರೆಯೊಳಗೆ ಇದ್ದರೆ ಪೂರ್ತಿ ಏಟು, ಗೆರೆ ದಾಟಿದರೆ ಸ್ವಲ್ಪದರಲ್ಲಿಯೇ ಮುಗಿಯಿತು. ಆಟೋಕ್ಯಾನನ್ ಇದಕ್ಕೆ ತದ್ವಿರುದ್ಧ. ಆಪ್ಟಿಮಲ್ ಹೆಸರಿಗಷ್ಟೇ, ಬದುಕೆಲ್ಲ ಫಾಲ್‌ಆಫ್‌ನಲ್ಲಿಯೇ. ಬ್ಲಾಸ್ಟರ್‌ಗೆ ಎರಡೂ ಗಿಡ್ಡ, ಆದರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಅದರ ಏಟಿಗೆ ಸಮನಿಲ್ಲ. ದೂರದ ಬೀಮ್ ಲೇಸರ್, ರೇಲ್‌ಗನ್, ಆರ್ಟಿಲರಿ ಮೂರಕ್ಕೂ ಟ್ರ್ಯಾಕಿಂಗ್ ಕಡಿಮೆ. ಆರ್ಟಿಲರಿಯದು ನಿಧಾನವಾಗಿ ಬರುವ, ಆದರೆ ಒಂದೇ ಸಲಕ್ಕೆ ಬಹಳ ಭಾರವಾದ ಏಟು.

ಮದ್ದುಗುಂಡು ಬದಲಿಸಿದರೆ ದೂರ ಬದಲಾಗುತ್ತದೆಯೇ?

ಬದಲಾಗುತ್ತದೆ. ಹೆಚ್ಚು ಹಾನಿಯ ಆ್ಯಂಟಿಮ್ಯಾಟರ್ ಅಥವಾ ಮಲ್ಟಿಫ್ರೀಕ್ವೆನ್ಸಿ ಹಾಕಿದರೆ ಆಪ್ಟಿಮಲ್ ಅರ್ಧಕ್ಕೆ ಇಳಿಯುತ್ತದೆ. ಕಡಿಮೆ ಹಾನಿಯ ಐರನ್ ಅಥವಾ ರೇಡಿಯೋ ಹಾಕಿದರೆ ಪ್ರತಿಶತ 60 ಏರುತ್ತದೆ. ಈ ಸಾಮಾನ್ಯ ಮದ್ದುಗುಂಡುಗಳು ಫಾಲ್‌ಆಫ್ ಅನ್ನು ಮುಟ್ಟುವುದಿಲ್ಲ ಎಂಬ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ಉಪಯೋಗ ಅಡಗಿದೆ: ಆಪ್ಟಿಮಲ್ ಹೇಗೂ ಗಿಡ್ಡವಿರುವ ಆಟೋಕ್ಯಾನನ್‌ನವರು ಅತಿ ಹೆಚ್ಚು ಹಾನಿಯ ಗುಂಡನ್ನೇ ಹಾಕಿಕೊಂಡರೂ ಕಳೆದುಕೊಳ್ಳುವುದು ಅತ್ಯಲ್ಪ. ಮೇಲ್ದರ್ಜೆಯವುಗಳಲ್ಲಿ ಸ್ಕಾರ್ಚ್ ಪಲ್ಸ್ ಲೇಸರಿನ ಆಪ್ಟಿಮಲ್ ಹೆಚ್ಚಿಸಿದರೆ, ಬ್ಯಾರೇಜ್ ಆಟೋಕ್ಯಾನನ್ನಿನ ಫಾಲ್‌ಆಫ್ ಹೆಚ್ಚಿಸುತ್ತದೆ. ಬದಲಿಸಲು ಬೇಕಾಗುವ ಹೊತ್ತನ್ನೂ ಮರೆಯಬಾರದು. ಲೇಸರಿನ ಹರಳು ಕ್ಷಣದಲ್ಲಿ ಬದಲಾಗುತ್ತದೆ, ಹೈಬ್ರಿಡ್‌ಗೆ 5 ಸೆಕೆಂಡು, ಪ್ರೊಜೆಕ್ಟೈಲ್‌ಗೆ 10 ಸೆಕೆಂಡು ಬೇಕು.

ಕ್ಷಿಪಣಿಗಳಿಗೂ ಇದೇ ಲೆಕ್ಕವೇ?

ಇಲ್ಲ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಅನ್ನು ನೋಡಿದವರಿಗೆ ಈ ಭೇದ ಸುಲಭವಾಗಿ ಹೊಳೆಯುತ್ತದೆ. ಅದರ ಫಿರಂಗಿ ಗುರಿಯ ಕಡೆಗೆ ನಳಿಗೆ ತಿರುಗಿಸಿಯೇ ಹೊಡೆಯಬೇಕು. ಎರಡೂ ಮಗ್ಗುಲಿನ ದೊಡ್ಡ ಕ್ಷಿಪಣಿ ಪೆಟ್ಟಿಗೆಗಳು ಮಾತ್ರ ಅಲುಗದೆ ಕುಳಿತಿರುತ್ತವೆ, ಏಕೆಂದರೆ ಗುರಿ ಹುಡುಕಿ ತಿರುಗುವ ಕೆಲಸ ಹಾರಿದ ಕ್ಷಿಪಣಿಯದ್ದೇ.

ಆಟದಲ್ಲಿಯೂ ಕ್ಷಿಪಣಿಗೆ ಟ್ರ್ಯಾಕಿಂಗ್ ಇಲ್ಲ, ಫಾಲ್‌ಆಫ್ ಇಲ್ಲ, ದಾಳವೂ ಇಲ್ಲ. ಅದರ ವೇಗವನ್ನು ಹಾರಾಟದ ಸಮಯದಿಂದ ಗುಣಿಸಿದರೆ ತಲುಪುವ ದೂರ ಸುಮಾರಾಗಿ ಸಿಗುತ್ತದೆ, ತಲುಪಿದರೆ ತಗಲಿತು. ಓಡಿಹೋಗುವ ಹಡಗನ್ನು ಬೆನ್ನಟ್ಟುವಾಗ ಆ ದೂರ ಸಾಲದೆ ಹೋಗಬಹುದು. ಆದರೆ ತಗಲಿದ ಮಾತ್ರಕ್ಕೆ ಪೂರ್ತಿ ಹಾನಿಯಾಗುವುದಿಲ್ಲ. ಸ್ಫೋಟಕ್ಕೆ ತನ್ನದೇ ಒಂದು ವ್ಯಾಸಾರ್ಧ, ಹರಡುವ ವೇಗ ಇವೆ. ಹಡಗಿನ ಸಿಗ್ನೇಚರ್ ಆ ವ್ಯಾಸಾರ್ಧಕ್ಕಿಂತ ಸಣ್ಣದಿದ್ದರೆ, ಅಥವಾ ಹಡಗು ಆ ವೇಗವನ್ನು ಸಾಕಷ್ಟು ಮೀರಿ ಓಡುತ್ತಿದ್ದರೆ, ಹಾನಿ ಸೋರಿಹೋಗುತ್ತದೆ. ಇಲ್ಲಿ ಓಟದ ದಿಕ್ಕು ಲೆಕ್ಕಕ್ಕಿಲ್ಲ. ನೆಟ್ಟಗೆ ಬರುವವನೂ ಅಡ್ಡ ಓಡುವವನೂ ಕ್ಷಿಪಣಿಗೆ ಒಂದೇ.

ದೊಡ್ಡ ಹಡಗಿನವರು ಸಣ್ಣದರಿಂದ ಪಾರಾಗುವುದು ಹೇಗೆ?

ಸೂತ್ರವನ್ನು ಇನ್ನೊಮ್ಮೆ ನೋಡಿದರೆ ದಾರಿಗಳೂ ಅಲ್ಲಿಯೇ ಕಾಣುತ್ತವೆ. ಸ್ಟೇಸಿಸ್ ವೆಬ್ ಹಾಕಿದರೆ ಎದುರಾಳಿಯ ವೇಗ ಇಳಿದು ಕೋನವೇಗ ಕುಸಿಯುತ್ತದೆ. ಟಾರ್ಗೆಟ್ ಪೇಂಟರ್ ಹಚ್ಚಿದರೆ ಅವನ ಸಿಗ್ನೇಚರ್ ಉಬ್ಬುತ್ತದೆ. ಟ್ರ್ಯಾಕಿಂಗ್ ಕಂಪ್ಯೂಟರ್ ನಿಮ್ಮ ನಳಿಗೆಯ ಚುರುಕನ್ನು ಹೆಚ್ಚಿಸುತ್ತದೆ, ಅಥವಾ ಬೇರೆ ಸ್ಕ್ರಿಪ್ಟ್ ಹಾಕಿದರೆ ದೂರವನ್ನು ಹೆಚ್ಚಿಸುತ್ತದೆ. ಒಂದೇ ಪರಿಣಾಮದ ಸಾಧನಗಳನ್ನು ಮೂರು ನಾಲ್ಕು ಪೇರಿಸಿದರೆ ಎರಡನೆಯದರಿಂದಲೇ ಫಲ ಇಳಿಯತೊಡಗುತ್ತದೆ. ವೆಬ್ ಒಂದನ್ನು ಮೊದಲು ಹಾಕಿ ಎಂಬುದು ನನ್ನ ಅಭಿಪ್ರಾಯ. ಒಂದೇ ಸಾಧನದಿಂದ ಅತಿ ಹೆಚ್ಚು ಪ್ರಯೋಜನ ಸಿಗುವುದು ಅದರಲ್ಲಿ, ಆದರೆ ಅದರ ಕೈ ಎಟಕುವುದು ಸಾಮಾನ್ಯವಾಗಿ 10 ಕಿ.ಮೀ.ವರೆಗೆ ಮಾತ್ರ. ಇದಾವುದಕ್ಕೂ ಜಾಗವಿಲ್ಲದಿದ್ದರೆ ಸಣ್ಣ ಡ್ರೋನ್‌ಗಳನ್ನು ಬಿಡಬೇಕು.

ಲಾಕ್ ಆಗುವ ದೂರಕ್ಕೂ ಆಪ್ಟಿಮಲ್‌ಗೂ ಸಂಬಂಧವಿದೆಯೇ?

ಇಲ್ಲ. ಅದು ಹಡಗಿನ ಸೆನ್ಸರಿನ ಗುಣ. ತೋಪು 100 ಕಿ.ಮೀ. ಹೊಡೆಯಬಲ್ಲದಾದರೂ ಹಡಗು 70 ಕಿ.ಮೀ.ವರೆಗೆ ಮಾತ್ರ ಲಾಕ್ ಮಾಡಬಲ್ಲದಾದರೆ ಉಳಿದ 30 ವ್ಯರ್ಥ.

ಮಳೆಗಾಲದಲ್ಲಿ ನೆಟ್ ನಿಧಾನವಾದರೆ ಗುರಿ ತಪ್ಪುತ್ತದೆಯೇ?

ಜೂನ್ ಬಂದೊಡನೆ ಘಟ್ಟದ ಮೇಲಿನವರೂ ಕೆಳಗಿನವರೂ ಕೇಳುವ ಪ್ರಶ್ನೆ ಇದು. ಲಂಡನ್ನಿನಲ್ಲಿರುವ ಸರ್ವರ್ ಈ ಲೆಕ್ಕವನ್ನು ಸೆಕೆಂಡಿಗೊಮ್ಮೆ ಮಾಡುತ್ತದೆ; ಆದ್ದರಿಂದ ನಿಮ್ಮ ಸಂಪರ್ಕ ಕಾಲು ಸೆಕೆಂಡು ತಡವಾದರೂ ತೋಪಿನ ಗುರಿಗೆ ಏನೂ ಆಗುವುದಿಲ್ಲ. ಸಾವಿರಾರು ಮಂದಿ ಸೇರಿದ ಯುದ್ಧಗಳಲ್ಲಿ ಸರ್ವರ್ ತಾನೇ ಕಾಲವನ್ನು ಹತ್ತನೆಯ ಒಂದು ಪಾಲಿನವರೆಗೂ ನಿಧಾನಿಸುತ್ತದೆ, ಆಗಲೂ ಸೂತ್ರ ಅದೇ. ಕರೆಂಟು ಹೋದರೆ ಮಾತ್ರ ಬೇರೆ ಮಾತು.

ಇದನ್ನೆಲ್ಲ ಪರೀಕ್ಷಿಸಿ ನೋಡುವುದು ಹೇಗೆ?

ಗೆಳೆಯನೊಬ್ಬನನ್ನು ಕರೆದುಕೊಂಡು ಅಗ್ಗದ ಫ್ರಿಗೇಟುಗಳಲ್ಲಿ ಡ್ಯುಯೆಲ್ ಆಹ್ವಾನ ಕಳಿಸಿ, ಅವನು ಒಪ್ಪಿದ ಮೇಲೆಯೇ ತೋಪು ಹಾರಿಸಿ. ಹೈ-ಸೆಕ್ ಎಂಬ ಹೆಚ್ಚು ಭದ್ರತೆಯ ಪ್ರದೇಶದಲ್ಲಿ ಹಾಗೆ ಒಪ್ಪಿಗೆಯಿಲ್ಲದೆ ಗೆಳೆಯನಿಗೇ ಗುಂಡು ಹಾಕಿದರೂ ಕಾಂಕಾರ್ಡ್ ಪೊಲೀಸರು ಬಂದು ನಿಮ್ಮ ಹಡಗನ್ನು ಪುಡಿಮಾಡುತ್ತಾರೆ. ಮೊದಲು ಇಬ್ಬರೂ ನಿಂತು, ಆಮೇಲೆ ಒಬ್ಬ ಸುತ್ತುತ್ತ, ಕೊನೆಗೆ ಇಬ್ಬರೂ ಓಡುತ್ತ ಹೊಡೆದು ನೋಡಿ.

ಆ ಹೊತ್ತಿನಲ್ಲಿ ಕಣ್ಣು ಲಾಗ್‌ನ ಮೇಲಿರಲಿ. ತಗಲಿದ ಪ್ರತಿ ಗುಂಡಿಗೂ ಅಲ್ಲಿ ಒಂದು ದರ್ಜೆ ಬರೆದಿರುತ್ತದೆ: ಕೆಳಗಿನಿಂದ ಗ್ರೇಝಸ್, ಗ್ಲಾನ್ಸಸ್ ಆಫ್, ಹಿಟ್ಸ್, ಪೆನೆಟ್ರೇಟ್ಸ್, ಸ್ಮ್ಯಾಶಸ್, ಎಲ್ಲದರ ಮೇಲೆ ರೆಕ್ಸ್. ಹಾನಿಯ ಗುಣಕ ದಾಳದಿಂದಲೇ ಬರುವುದರಿಂದ, ತಗಲುವ ಸಾಧ್ಯತೆ ಅರ್ಧಕ್ಕಿಂತ ಕೆಳಗಿದ್ದರೆ ಪೆನೆಟ್ರೇಟ್ಸ್ ಮತ್ತು ಸ್ಮ್ಯಾಶಸ್ ಎಂಬ ಸಾಲುಗಳು ಬರಲು ಸಾಧ್ಯವೇ ಇಲ್ಲ. ತಪ್ಪಿದ ಗುಂಡುಗಳ ನಡುವೆ ಬರೀ ಗ್ರೇಝಸ್ ಕಾಣುತ್ತಿದ್ದರೆ ತೋಪನ್ನು ಬೈಯದೆ ಓವರ್‌ವ್ಯೂ ನೋಡಿ: ದೂರ ಆಪ್ಟಿಮಲ್‌ನ ಒಳಗಿದ್ದರೆ ದೋಷ ಕೋನವೇಗದ್ದು, ಹಡಗನ್ನು ಅವನು ಓಡುವ ದಿಕ್ಕಿಗೇ ತಿರುಗಿಸಿ, ಹೊರಗಿದ್ದರೆ ಹತ್ತಿರ ಹೋಗಿ.